ಸೀಲಿಯಾ ಇರುವ ಮನೆ

ಸ್ಲೈಗೊ ಬಂದರು
ಏಪ್ರಿಲ್ 19, 1847

ಅಕ್ಕಾ,

ನಾಳೆ ಬೆಳಿಗ್ಗೆ ಹಡಗು ಹತ್ತುತ್ತೇವೆ. ಡರ್ಕನ್ ಮೇಷ್ಟ್ರು ಈ ಕಾಗದವನ್ನು ನಿನಗೆ ಓದಿ ಹೇಳುವಾಗ ಅರ್ಧ ಊರೇ ಸುತ್ತ ಕೂತಿರುತ್ತದೆ ಎಂದು ನನಗೆ ಗೊತ್ತು. ಎಲ್ಲರಿಗೂ ಒಟ್ಟಿಗೇ ಹೇಳುತ್ತೇನೆ: ಕ್ಷೇಮವಾಗಿ ಬಂದರು ಮುಟ್ಟಿದೆವು.

ನಾಲ್ಕು ದಿನದ ದಾರಿ. ನಿನ್ನ ಸೀಲಿಯಾ ಮೂರು ದಿನ ತಾನೇ ನಡೆದಳು, ಕೊನೆಯ ದಿನ ಮಾತ್ರ ಆಂಟನಿ ಹೆಗಲ ಮೇಲೆ ಕೂರಿಸಿಕೊಂಡರು. ತಿರುವಿನಲ್ಲಿ ನೀನು ಕೈ ಬಿಟ್ಟಾಗ ಅವಳು ಅಳಲಿಲ್ಲ. ಆಮೇಲೂ ಅಳಲಿಲ್ಲ.

ಒಂದು ಭಯವಿತ್ತು, ಅದು ಕಳೆಯಿತು. ಜಮೀನ್ದಾರರು ನಮ್ಮ ಮನೆ ಕೆಡವಿಸಿ ಕೊಟ್ಟ ಹಡಗಿನ ಮೂರು ಚೀಟಿಗಳಲ್ಲಿ ಸೀಲಿಯಾಗೆ ಇಟ್ಟದ್ದು ನನ್ನ ಅತ್ತೆಯದಲ್ಲವೇ. ಅವರು ತೀರಿಕೊಂಡದ್ದನ್ನು ಯಾರಿಗೂ ತಿಳಿಸಿರಲಿಲ್ಲ. ಹಡಗಿನ ಗುಮಾಸ್ತ ಪಟ್ಟಿ ಹಿಡಿದು ಕೂಗಿದ: "ಮೇರಿ ಗಾಹನ್, ವಯಸ್ಸು ಅರವತ್ತೆರಡು." ಆಂಟನಿ ಸೀಲಿಯಾಳನ್ನು ಮುಂದೆ ತಳ್ಳಿದರು.

"ಈ ಕೂಸಿಗೆ ಅರವತ್ತೆರಡಾ?"

"ನಮ್ ಕಡೆ ಊಟ ಕಮ್ಮಿ ಸ್ವಾಮಿ. ಬೆಳೆಯೋದು ನಿಧಾನ."

ಆ ಮನುಷ್ಯ ನಗಲಿಲ್ಲ. ಅವಳ ಕಾಲುಗಳನ್ನು ನೋಡಿ ಪಟ್ಟಿಯ ಮೇಲೆ ಗೀಟು ಎಳೆದು "ಹೋಗಿ" ಎಂದ.

ಭಾವನಿಗೂ ಮಕ್ಕಳಿಗೂ ನನ್ನ ಪ್ರೀತಿ.

ನಿನ್ನ ತಂಗಿ
ಸಬೀನಾ

·

ಎರಿಸ್, ಮೇಯೊ
ಜೂನ್ 27, 1847

ಸಬೀನಾ,

ನಾನು ಐರಿಷ್‌ನಲ್ಲಿ ಹೇಳುತ್ತಿದ್ದೇನೆ, ಮೇಷ್ಟ್ರು ಇಂಗ್ಲಿಷಿನಲ್ಲಿ ಬರೆಯುತ್ತಿದ್ದಾರೆ. ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಬರೆಯಬೇಡಿ ಎಂದು ಅವರಿಗೆ ಹೇಳಿದ್ದೇನೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಭಾವ ಫೆಸ್ಟಸ್‌ಗೆ ಬೇಸಿಗೆಯ ಕೆಲಸ ಸಿಕ್ಕಿದೆ, ಕಲ್ಲು ಒಡೆಯುವುದು. ಆಸ್ಟಿನ್‌ನ ಕಾಲಿನ ಊತ ಇಳಿದಿದೆ. ಕೂಸು ಹಾನರ್‌ಗೆ ಎರಡು ಹಲ್ಲು ಬಂದಿವೆ. ಸರ್ಕಾರದ ಗಂಜಿಗೆ ಜೋಳದ ಹಿಟ್ಟು ಬರುತ್ತದೆ. ಹೊಟ್ಟೆಗೆ ಒಗ್ಗದಿದ್ದರೂ ಹೊಟ್ಟೆಯಲ್ಲಿ ಇರುತ್ತದೆ.

ಸೀಲಿಯಾ ಮಲಗುವಾಗ ಪಕ್ಕದವರ ಕಿವಿ ಹಿಡಿದುಕೊಳ್ಳುತ್ತಾಳೆ. ಬಿಡಿಸಬೇಡ, ತಾನೇ ಬಿಡುತ್ತಾಳೆ.

ಇನ್ನೊಂದು ಮಾತು. ಒಂದು ದಿನ ಅವಳು ನಿನ್ನನ್ನು ಕೇಳಿಯೇ ಕೇಳುತ್ತಾಳೆ, ಮೂವರು ಮಕ್ಕಳಲ್ಲಿ ನನ್ನನ್ನೇ ಯಾಕೆ ಕಳಿಸಿದರು ಎಂದು. ನಿಜ ಏನೆಂದರೆ, ಮೂವರಲ್ಲಿ ನಡೆಯುವ ಶಕ್ತಿ ಇದ್ದದ್ದು ಅವಳೊಬ್ಬಳಿಗೇ. ಅದನ್ನು ಹೇಳಬೇಡ. ಅವಳ ಮೇಲೆ ಪ್ರೀತಿ ಒಂದು ತೂಕ ಹೆಚ್ಚಿತ್ತು ಎಂದು ಹೇಳು. ಇದನ್ನು ಬರೆಸುವಾಗ ಆಸ್ಟಿನ್‌ನನ್ನು ಹೊರಗೆ ಕಳಿಸಿದ್ದೇನೆ.

ವಿನಿಫ್ರೆಡ್ ಲವೆಲ್

·

ಕ್ವಿಬೆಕ್
ಅಕ್ಟೋಬರ್ 10, 1847

ಅಕ್ಕಾ,

ಕೆಟ್ಟ ಸುದ್ದಿಯನ್ನು ಮೊದಲೇ ಹೇಳುತ್ತೇನೆ. ಆಂಟನಿ ಹೋದರು. ಹಡಗಿನ ತಳದಲ್ಲಿ ಜ್ವರ ಹಬ್ಬಿತ್ತು. ನದಿಯ ಬಾಯಿ ಸೇರಿ ಎರಡೂ ಕಡೆ ನೆಲ ಕಾಣತೊಡಗಿದ ದಿನ ಹೋದರು. ದಡ ಅಷ್ಟು ಹತ್ತಿರವಿದೆಯಲ್ಲ, ಮಣ್ಣಿಗೆ ಇಡಿ ಎಂದು ಕ್ಯಾಪ್ಟನ್ನನ್ನು ಕೇಳಿದೆ. "ಇವತ್ತಿಗೆ ಇವನು ಏಳನೆಯವನಮ್ಮಾ. ಪ್ರತಿ ಸಲ ನಿಲ್ಸಿದ್ರೆ ಉಳಿದವರೂ ಇಲ್ಲೇ ಸಾಯ್ತಾರೆ" ಎಂದ. ನೀರಿಗೇ ಬಿಟ್ಟರು.

ಆಮೇಲೆ ನಮ್ಮನ್ನು ಗ್ರೋಸ್ ಈಲ್ ಎಂಬ ದ್ವೀಪದಲ್ಲಿ ಇಳಿಸಿದರು. ರೋಗದ ಹಡಗುಗಳನ್ನೆಲ್ಲ ಅಲ್ಲೇ ನಿಲ್ಲಿಸುತ್ತಾರೆ. ನನಗೂ ಜ್ವರ ಬಂತು, ವಾಸಿಯಾಯಿತು. ಕೂದಲೆಲ್ಲ ಉದುರಿದೆ. ತಲೆಗೆ ಬಟ್ಟೆ ಕಟ್ಟಿಕೊಂಡು ಇಲ್ಲೊಂದು ದೊಡ್ಡ ಮನೆಯಲ್ಲಿ ಪಾತ್ರೆ ತೊಳೆಯುತ್ತೇನೆ.

ಸೀಲಿಯಾ ಚೆನ್ನಾಗಿದ್ದಾಳೆ. ಕೆಲಸದವರ ಕೋಣೆಯಲ್ಲಿ ಮಕ್ಕಳನ್ನು ಇಟ್ಟುಕೊಳ್ಳಲು ಬಿಡುವುದಿಲ್ಲ, ಹಾಗಾಗಿ ಹಳ್ಳಿಯಲ್ಲಿ ಒಂದು ರೈತರ ಮನೆಯಲ್ಲಿ ಬಿಟ್ಟಿದ್ದೇನೆ. ಹಸು ಇದೆ, ಹಾಲು ಇದೆ. ನೀನು ಅವಳ ಚಿಂತೆ ಮಾಡಬೇಡ.

ಸಬೀನಾ

·

ಮೇಯೊ
ಫೆಬ್ರವರಿ 20, 1848

ಸಬೀನಾ,

ಅಕ್ಷರ ಬೇರೆಯಾಗಿದೆ ಎಂದು ಗಾಬರಿಯಾಗಬೇಡ. ಡರ್ಕನ್ ಮೇಷ್ಟ್ರು ಈಗ ಇಲ್ಲ. ಇದನ್ನು ಒಬ್ಬ ಗುಮಾಸ್ತರು ಬರೆಯುತ್ತಿದ್ದಾರೆ, ಅವರಿಗೆ ಸಮಯ ಕಮ್ಮಿ.

ಆಂಟನಿಗಾಗಿ ಪ್ರಾರ್ಥನೆ ಮಾಡಿಸಿದೆ. ನಿನ್ನ ಮದುವೆಯ ದಿನ ಅವನು ಕುಣಿದು ನಮ್ಮ ಅಪ್ಪನ ಬಾಗಿಲು ಮುರಿದದ್ದು ನೆನಪಾಯಿತು.

ಸೀಲಿಯಾ ಹಾಲು ಇರುವ ಮನೆಯಲ್ಲಿದ್ದಾಳೆ. ಇಲ್ಲಿ ನನ್ನ ಎಡಬಲದಲ್ಲಿ ಮಲಗುವ ಹೆಂಗಸರಿಗೆಲ್ಲ ಅದನ್ನು ಹೇಳಿ ಹೇಳಿ ಅವರು ಕಿವಿ ಮುಚ್ಚಿಕೊಳ್ಳುತ್ತಾರೆ. ಆ ಮನೆಯೊಡತಿಯ ಹೆಸರೇನು? ನನ್ನ ಪ್ರಾರ್ಥನೆಯಲ್ಲಿ ಸೇರಿಸಿಕೊಳ್ಳಬೇಕು. ಮುಂದಿನ ಕಾಗದದಲ್ಲಿ ಸೀಲಿಯಾ ಏನಾದರೂ ಹೇಳಿದರೆ ಅವಳ ಮಾತಿನಲ್ಲೇ ಬರೆ. ಒಂದೇ ಸಾಲು ಸಾಕು.

ಫೆಸ್ಟಸ್ ಮತ್ತು ಮಕ್ಕಳು ಬೇರೆ ಕಡೆ ಇದ್ದಾರೆ, ಅವರ ಪರವಾಗಿಯೂ ನಾನೇ ನಿನ್ನ ಕ್ಷೇಮ ಕೇಳಿದೆ ಎಂದುಕೋ. ಗಂಟೆ ಹೊಡೆಯಿತು. ಸಾಲಿನಲ್ಲಿ ನಿಲ್ಲಬೇಕು.

ವಿನಿಫ್ರೆಡ್

·

ಕ್ವಿಬೆಕ್
ಆಗಸ್ಟ್ 6, 1848

ಪ್ರೀತಿಯ ಅಕ್ಕಾ,

ಎಷ್ಟು ಒಳ್ಳೆಯ ಬೇಸಿಗೆ ಇಲ್ಲಿ. ಮನೆಯೊಡತಿಯ ಹೆಸರು ಮಾರ್ಗರೆಟ್. ಬಹಳ ಒಳ್ಳೆಯವಳು. ಸೀಲಿಯಾ ಗುಂಡಗುಂಡಗೆ ಆಗಿದ್ದಾಳೆ, ಕೆನ್ನೆ ಕೆಂಪಗಿದೆ. ಹೋದ ಭಾನುವಾರ ಹೋಗಿದ್ದೆ. ನೀನು ಕೇಳಿದ್ದೆಯಲ್ಲ, ಅವಳ ಮಾತು ಇಲ್ಲಿದೆ: "ಅಮ್ಮಾ, ನಂಗೆ ಶೂ ಇದೆ. ನೀನೂ ಬೇಗ ಬಾ."

ಕೆಲಸ ಬಹಳ. ಹೆಚ್ಚು ಬರೆಯಲು ಆಗುತ್ತಿಲ್ಲ.

ನಿನ್ನ ಪ್ರೀತಿಯ
ಸಬೀನಾ

·

ಮೇಯೊ
ಡಿಸೆಂಬರ್ 3, 1848

ಸಬೀನಾ,

ಸೀಲಿಯಾ ನನ್ನನ್ನು ಅಮ್ಮ ಎಂದು ಕರೆದವಳೇ ಅಲ್ಲ. ಅವಳ ಅಪ್ಪ ಕರೆದ ಹಾಗೆ "ವಿನ್ನೀ" ಎನ್ನುತ್ತಿದ್ದಳು. ಎಷ್ಟು ಗದರಿಸಿದರೂ ಬಿಡಲಿಲ್ಲ. ಅಷ್ಟು ವಾರ ಹಡಗಿನಲ್ಲಿ ನಿನ್ನ ಜೊತೆ ಇದ್ದಳಲ್ಲ, ನಿನಗೂ ಗೊತ್ತಿರಲೇಬೇಕು.

ಹಾಗಾಗಿ ನನಗೆ ಅರ್ಥವಾಯಿತು. ನನ್ನ ಮಗಳು ಇಲ್ಲ. ನೀನು ಅದನ್ನು ಬರೆಯಲಾರದೆ ಹಾಲು, ಶೂ ಎಂದೆಲ್ಲ ಬರೆದೆ.

ನಿನ್ನನ್ನು ಬೈಯುವ ಹಕ್ಕು ನನಗಿಲ್ಲ. ನಾನು ಬರೆಸಿದ್ದೂ ಹಾಗೆಯೇ. ಆಸ್ಟಿನ್‌ನ ಊತ ಇಳಿದಿದೆ ಎಂದು ಬರೆಸಿದೆನಲ್ಲ, ಆ ದಿನ ಅವನು ಹೊರಗೆ ಹೋಗಿದ್ದು ಫೆಸ್ಟಸ್ ಹೆಗಲ ಮೇಲೆ. ಇಳಿದಿರಲಿಲ್ಲ. ಹೋದ ವರ್ಷ ಜುಲೈನಲ್ಲಿ ಆಸ್ಟಿನ್ ಹೋದ, ಹೆಣದ ಗಾಡಿ ಎಲ್ಲಿಗೆ ಒಯ್ದಿತೋ. ಆಮೇಲೆ ಮನೆ ಹೋಯಿತು. ಸರ್ಕಾರದ ಬಡವರ ಮನೆಗೆ ಬಂದೆವು. ಬಾಗಿಲಲ್ಲೇ ಗಂಡಸರನ್ನು ಒಂದು ಕಡೆ, ಹೆಂಗಸರನ್ನು ಒಂದು ಕಡೆ ಮಾಡಿದರು. ಫೆಸ್ಟಸ್ ಅದೇ ವರ್ಷ ನವೆಂಬರ್‌ನಲ್ಲಿ ಹೋದದ್ದು ನನಗೆ ತಿಳಿದದ್ದು ನಾಲ್ಕು ದಿನದ ಮೇಲೆ, ಗೋಡೆಯಾಚೆಯಿಂದ ಒಬ್ಬ ಕೂಗಿ ಹೇಳಿದ. ಹಾನರ್ ಕ್ರಿಸ್ಮಸ್ ಹಿಂದಿನ ವಾರ, ನನ್ನ ಮಡಿಲಲ್ಲಿ. ನಾನು ಈಗಲೂ ಇಲ್ಲೇ ಇದ್ದೇನೆ.

ಮಗುವನ್ನು ಮಣ್ಣಿಗೆ ಇಟ್ಟ ಜಾಗ ಎಲ್ಲಿ ಎಂದು ಮಾತ್ರ ಬರೆ. ಉಳಿದ ಮೂವರದೂ ನನಗೆ ಗೊತ್ತಿಲ್ಲ. ಒಬ್ಬರದಾದರೂ ಗೊತ್ತಿರಲಿ.

ವಿನಿಫ್ರೆಡ್

·

ಕ್ವಿಬೆಕ್
ಏಪ್ರಿಲ್ 2, 1849

ಅಕ್ಕಾ,

ಅವಳು ಬದುಕಿದ್ದಾಳೆ. ಓದಿ ಹೇಳುತ್ತಿರುವವರು ಯಾರೇ ಇರಲಿ, ಈ ಸಾಲನ್ನು ಎರಡು ಸಲ ಓದಿ. ಅವಳು ಬದುಕಿದ್ದಾಳೆ. ನಾನು ಕಣ್ಣಾರೆ ನೋಡಿದೆ.

ಈಗ ಎಲ್ಲವನ್ನೂ ಹೇಳುತ್ತೇನೆ.

ಆ ದ್ವೀಪದಲ್ಲಿ ಹಲಗೆಯ ಉದ್ದನೆಯ ಕೊಟ್ಟಿಗೆಗಳಲ್ಲಿ ನಮ್ಮನ್ನು ಮಲಗಿಸಿದ್ದರು. ಒಂದೊಂದು ಹಾಸಿಗೆಗೆ ಮೂವರು. ನನಗೆ ಜ್ವರ ಏರಿದಾಗ ಸೀಲಿಯಾ ನನ್ನ ಪಕ್ಕದಲ್ಲಿದ್ದಳು, ಇನ್ನೊಂದು ಪಕ್ಕದ ಹೆಂಗಸು ಸತ್ತು ಅರ್ಧ ದಿನವಾಗಿತ್ತು. ತಾಯಿ ಬದುಕಿರುವ ಮಕ್ಕಳನ್ನು ತಾಯಿಯ ಜೊತೆಯಲ್ಲೇ ಬಿಡುತ್ತಿದ್ದರು. ಯಾರೂ ಇಲ್ಲದ ಮಕ್ಕಳನ್ನು ಮಾತ್ರ ದೋಣಿಯಲ್ಲಿ ಕ್ವಿಬೆಕ್ಕಿಗೆ ಸಾಗಿಸುತ್ತಿದ್ದರು. ಅದನ್ನು ಎರಡು ದಿನ ನೋಡಿದೆ. ಮೂರನೆಯ ದಿನ ಐರಿಷ್ ಬಲ್ಲ ಒಬ್ಬ ಪಾದ್ರಿ ಬಂದು ಕೇಳಿದರು.

"ಈ ಮಗು ನಿಂದೇನಮ್ಮಾ?"

"ನಂದಲ್ಲ ಫಾದರ್."

"ಇವಳ ತಾಯಿ?"

"ಸತ್ತೋದ್ಲು."

ನಿನ್ನನ್ನೇ ಅಕ್ಕಾ. ನಿನ್ನ ಹೆಸರು ಹೇಳಿ ಸತ್ತಳು ಎಂದೆ. ಅವರು ಸೀಲಿಯಾಳನ್ನು ಎತ್ತಿಕೊಂಡರು. ಅವಳು "ವಿನ್ನೀ" ಎಂದು ಕೂಗಿದಳು. ಹೌದು, ಹಡಗಿನಲ್ಲೂ ದಿನವೂ ಹಾಗೆಯೇ ಕೂಗುತ್ತಿದ್ದಳು, ನಾನು ಮರೆತಿರಲಿಲ್ಲ. ಅದನ್ನು ಬರೆದರೆ ನಿನಗೆ ಅವಳ ದನಿ ಕೇಳಿಬಿಡುತ್ತದೆ ಎಂದು "ಅಮ್ಮಾ" ಎಂದು ಬರೆದೆ.

ಏಳು ವಾರದ ಮೇಲೆ ನಾನು ಎದ್ದು ಕ್ವಿಬೆಕ್ಕಿಗೆ ಬಂದೆ. ಸಾಯಬೇಕಾಗಿದ್ದವಳು ಸಾಯಲಿಲ್ಲ. ಅನಾಥ ಮಕ್ಕಳ ಮನೆಯಲ್ಲಿ ಕೇಳಿದರೆ ಸೀಲಿಯಾ ಲವೆಲ್ ಎಂಬ ಹೆಸರೇ ಇಲ್ಲ ಎಂದರು. ಮಕ್ಕಳನ್ನೆಲ್ಲ ಹಳ್ಳಿ ಹಳ್ಳಿಯ ಪಾದ್ರಿಗಳು ಗಾಡಿಯಲ್ಲಿ ಕರೆದುಕೊಂಡು ಹೋಗಿ ಮನೆಗಳಿಗೆ ಹಂಚಿದ್ದರು. ಹೋದ ವರ್ಷ ಇನ್ನೂ ಎರಡು ಸಲ ಕೇಳಿದೆ. ಇಲ್ಲ. ಹಾಲು, ಶೂ, ಮಾರ್ಗರೆಟ್ ಎಲ್ಲವೂ ನನ್ನ ಕಲ್ಪನೆ.

ನಿನ್ನ ಕಾಗದ ಬಂದ ದಿನ ಅದನ್ನು ಹಿಡಿದುಕೊಂಡೇ ಮತ್ತೆ ಹೋದೆ. ಒಬ್ಬ ವಯಸ್ಸಾದ ಸಿಸ್ಟರ್ ಹೆಸರನ್ನು ನನ್ನ ಬಾಯಿಂದ ನಾಲ್ಕು ಸಲ ಹೇಳಿಸಿದರು. "ಲವೆಲ್, ಲವೆಲ್... ನಮ್ಮ ಫ್ರೆಂಚ್ ಜನ ಕೇಳಿಸ್ಕೊಂಡ್ರೆ ಲವಾಲೆ ಅಂತ ಬರ್ದಿರ್ತಾರೆ ಕಣಮ್ಮ. ಇಲ್ಲಿ ಆ ಹೆಸರಿನವರು ಬೇಕಾದಷ್ಟು ಜನ." ಪುಸ್ತಕದಲ್ಲಿ ಇತ್ತು: ಸೆಸಿಲ್ ಲವಾಲೆ, ಐದು ವರ್ಷ, ತಾಯಿ ಮೃತ.

ನದಿ ಹೆಪ್ಪುಗಟ್ಟಿತ್ತು. ಇಂಗ್ಲಿಷ್ ಬಲ್ಲ ಒಬ್ಬ ಗಾಡಿಯವನ ಹಿಮಬಂಡಿಯಲ್ಲಿ ದಾಟಿ ಆ ಹಳ್ಳಿಗೆ ಹೋದೆ. ತಿಬೋದೊ ಎಂಬವರ ಮನೆ. ಮನೆಯೊಡತಿ ಒಡೀಲ್, ಮಕ್ಕಳಿಲ್ಲದವಳು. ಸೀಲಿಯಾ ಅವಳ ಹಿಂದೆ ನಿಂತು ಇಣುಕಿದಳು. ಭಾವನ ಹಣೆ, ಭಾವನ ಹುಬ್ಬು. ಸಂದೇಹವೇ ಇಲ್ಲ.

ನಮ್ಮ ಮಾತಿನಲ್ಲಿ ಕೇಳಿದೆ, "ವಿನ್ನಿ ನೆನಪಿದಾಳಾ ಪುಟ್ಟಾ?" ಅವಳು ಒಡೀಲ್ ಕಡೆ ತಿರುಗಿ ಏನೋ ಹೇಳಿದಳು. ಗಾಡಿಯವನಿಗೆ ನಗು ಬಂತು. "ಈ ಹೆಂಗಸು ಮಾತಾಡ್ತಿದಾಳೋ ಕೆಮ್ತಿದಾಳೋ ಅಂತ ಕೇಳ್ತಿದಾಳೆ."

ಆಮೇಲೆ ಒಡೀಲ್ ಕೇಳಿದಳು, ಅವನು ತಿರುಗಿಸಿ ಹೇಳಿದ. "ಇವಳ ತಾಯಿ ಸತ್ತಿದಾಳಲ್ವಾ ಅಂತಿದಾರೆ."

ಮತ್ತೆ ಅದೇ ಪ್ರಶ್ನೆ. ಈ ಸಲ ನಿಜ ಹೇಳಿದೆ. "ಇಲ್ಲ ಅನ್ನು. ಬದುಕಿದಾಳೆ."

ಆ ಹೆಂಗಸು ಅಲ್ಲೇ ಮಣೆಯ ಮೇಲೆ ಕೂತುಬಿಟ್ಟಳು. ಸೀಲಿಯಾ ಅವಳ ಕೆನ್ನೆ ಸವರಿದಳು. ನಾನು ಅವಳನ್ನು ಕರೆತರಲಿಲ್ಲ. ಎಲ್ಲಿಗೆ ಕರೆತರಲಿ, ಪಾತ್ರೆ ತೊಳೆಯುವ ಕಟ್ಟೆಗಾ?

ಹಡಗಿನ ಚೀಟಿ ಕಳಿಸುತ್ತೇನೆ. ನೀನೇ ಬಂದು ತೀರ್ಮಾನ ಮಾಡು.

ಸಬೀನಾ

·

ನದಿಯ ದಕ್ಷಿಣ ದಡದಿಂದ
ಜುಲೈ 14, 1850

ಸಬೀನಾ,

ನಾನು ಬಂದು ಐದು ವಾರವಾಯಿತು. ಇಲ್ಲಿನ ಚಿಕ್ಕ ಪಾದ್ರಿಗೆ ಇಂಗ್ಲಿಷ್ ಬರುತ್ತದೆ. ಬಡವರ ಮನೆಯಲ್ಲಿ ನನಗೂ ಅಷ್ಟಿಷ್ಟು ಬಂದಿದೆ. ಅವರೇ ಬರೆಯುತ್ತಿದ್ದಾರೆ.

ನೀನು ಹೊಸ ಗಂಡನ ಜೊತೆ ಬೈಟೌನಿಗೆ ಹೋದವಳು ನನ್ನನ್ನು ನೋಡಲು ಇಲ್ಲಿವರೆಗೆ ಬರುತ್ತೇನೆ ಎಂದೆ, ನಾನು ಬೇಡ ಎಂದೆ. ಕೋಪದಿಂದಲ್ಲ, ದೂರ ಎಂದು ಬರೆಸಿದ್ದೆ. ಕೋಪದಿಂದಲೇ. ನೀನು ನನ್ನನ್ನು ಸಾಯಿಸಿ ನನ್ನ ಮಗಳನ್ನು ಉಳಿಸಿದೆ. ಆ ಹಾಸಿಗೆಯಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಅದಕ್ಕೇ ಬೈಯಲು ಏನೂ ಸಿಗುವುದಿಲ್ಲ, ಕೋಪವೂ ಹೋಗುವುದಿಲ್ಲ.

ತಿಬೋದೊ ಮನೆಗೆ ಪಾದ್ರಿಯ ಜೊತೆ ಹೋದೆ. ಸೀಲಿಯಾ ಹೊಲದಲ್ಲಿದ್ದಳು. ಒಡೀಲ್ ನನ್ನನ್ನು ನೋಡಿದ ಕೂಡಲೇ ಒಳಗೆ ಹೋಗಿ ಒಂದು ಗಂಟು ತಂದು ಮೇಜಿನ ಮೇಲಿಟ್ಟಳು. ಮಗುವಿನ ಬಟ್ಟೆಗಳು. ನಿನ್ನ ಭೇಟಿಯ ಮರುದಿನವೇ ಕಟ್ಟಿಟ್ಟಿದ್ದಳಂತೆ.

"ಕರ್ಕೊಂಡು ಹೋಗೋದಾದ್ರೆ ಇವತ್ತೇ ಹೋಗಿ ಅಂತಿದಾರೆ," ಎಂದರು ಪಾದ್ರಿ. "ನಾಳೆಗಾದ್ರೆ ಅವರ ಕೈಲಾಗಲ್ವಂತೆ."

ಕಿಟಕಿಯಲ್ಲಿ ನೋಡಿದೆ. ಅಗಸೆಯ ಹೊಲದಲ್ಲಿ ಅವಳು ಹಾಡುತ್ತಾ ಕಳೆ ಕೀಳುತ್ತಿದ್ದಳು. ಹಾಡಿನ ಒಂದು ಪದವೂ ನನಗೆ ತಿಳಿಯಲಿಲ್ಲ. ಅವಳು ಒಳಗೆ ಬಂದು ನನಗೆ ನಮಸ್ಕರಿಸಿದಳು. ನನ್ನ ಕೂದಲು ಪೂರ್ತಿ ಬೆಳ್ಳಗಾಗಿದೆ ಸಬೀನಾ, ಮುಂದಿನ ಹಲ್ಲುಗಳಿಲ್ಲ. ಅವಳು ಗುರುತು ಹಿಡಿಯಲಿಲ್ಲ, ಹಿಡಿಯುವುದು ಹೇಗೆ.

"ನಾನು ಹೇಳ್ಲಾ ಅವಳಿಗೆ?" ಎಂದು ಪಾದ್ರಿ ಕೇಳಿದರು.

"ಬೇಡಿ ಫಾದರ್. ಇದನ್ನ ಇನ್ನೊಬ್ರ ಬಾಯಲ್ಲಿ ಹೇಳ್ಸಲ್ಲ. ಅವಳ ಮಾತು ಕಲಿತು ನಾನೇ ಹೇಳ್ತೀನಿ. ಅಲ್ಲೀವರ್ಗೂ ನೀವೂ ಹೇಳ್ಬೇಡಿ, ಅವರೂ ಹೇಳೋದು ಬೇಡ."

ಗಂಟನ್ನು ನಾನೇ ಬಿಚ್ಚಿದೆ. ಒಡೀಲ್ ಬಟ್ಟೆಗಳನ್ನು ಮತ್ತೆ ಮಡಚಿ ಪೆಟ್ಟಿಗೆಯಲ್ಲಿಟ್ಟಳು. ಪಾದ್ರಿಯವರ ಮನೆಯಲ್ಲಿ ಬಟ್ಟೆ ಒಗೆಯುವ ಕೆಲಸ ನನಗೆ ಸಿಕ್ಕಿದೆ, ತಿಬೋದೊ ಮನೆಯಿಂದ ಕೂಗಳತೆ ದೂರ. ಲವೆಲ್ ಎಂದರೆ ಜನ ಲವಾಲೆಗೆ ಜೋಡಿಸಿಕೊಳ್ಳುತ್ತಾರೆ ಎಂದು ನಮ್ಮ ಅಪ್ಪನ ಮನೆಯ ಹೆಸರು ಹೇಳಿದ್ದೇನೆ, ಬ್ಯಾರೆಟ್.

ಇವತ್ತಿನವರೆಗೆ ಕಲಿತದ್ದು: ರೊಟ್ಟಿ, ನೀರು, ಸೋಪು, ಮಳೆ, ಬಾ, ಕೂತ್ಕೋ.

ವಿನಿಫ್ರೆಡ್

·

ಬೈಟೌನ್
ಜನವರಿ 11, 1852

ಅಕ್ಕಾ,

ಒಂದೂವರೆ ವರ್ಷದಲ್ಲಿ ನಿನ್ನಿಂದ ಎರಡೇ ಕಾಗದ, ಎರಡರಲ್ಲೂ ಬರೀ ಚಳಿಯ ಸುದ್ದಿ. ಇಲ್ಲಿ ನಾವು ನೆಲೆ ನಿಂತೆವು. ಮರದ ದಿಮ್ಮಿ ಸಾಗಿಸುವ ಕೆಲಸ ಇವರಿಗೆ ನಿಂತಿಲ್ಲ. ಮನೆ ನಮ್ಮದೇ, ಎರಡು ಕೋಣೆ. ಅಕ್ಟೋಬರ್‌ನಲ್ಲಿ ಮಗ ಹುಟ್ಟಿದ, ಆಸ್ಟಿನ್ ಎಂದು ಹೆಸರಿಟ್ಟೆವು. ನಿನ್ನನ್ನು ಕೇಳದೆ ಇಟ್ಟೆ. ತಪ್ಪಾಗಿದ್ದರೆ ಹೇಳು.

ನೀನು ಈಗ ಅಲ್ಲಿಯವರ ಹಾಗೆಯೇ ಮಾತನಾಡುತ್ತೀಯಂತೆ, ಪಾದ್ರಿ ಬರೆದಿದ್ದರು. ಹಾಗಾದರೆ ಇನ್ನೇನು ಅಡ್ಡಿ? ಹೇಳಿಬಿಡು ಅಕ್ಕಾ. ಅವಳಿಗೆ ಹತ್ತು ತುಂಬುತ್ತದೆ. ಹೇಳಿ ಕರೆದುಕೊಂಡು ಬಾ. ಇಲ್ಲಿ ಜಾಗವಿದೆ. ನಾನು ಆ ದ್ವೀಪದಲ್ಲಿ ಹೇಳಿದ ಮಾತನ್ನು ಅಳಿಸಲು ನಿನ್ನೊಬ್ಬಳಿಗೇ ಸಾಧ್ಯ.

ಸಬೀನಾ

·

ನದಿಯ ದಕ್ಷಿಣ ದಡದಿಂದ
ಮಾರ್ಚ್ 7, 1852

ಸಬೀನಾ,

ಇದು ಫ್ರೆಂಚ್. ಪಕ್ಕದ ಮನೆಯವರ ಹತ್ತಿರ ಓದಿಸಿಕೋ. ಚಿಕ್ಕ ಪಾದ್ರಿಗೆ ಬೇರೆ ಊರಿಗೆ ವರ್ಗವಾಯಿತು. ಈಗ ಬರೆಯುತ್ತಿರುವುದು ತಿಬೋದೊ ಅವರ ಮನೆಯ ಸೆಸಿಲ್. ಶಾಲೆಯಲ್ಲಿ ಅಕ್ಷರಕ್ಕೆ ಇವಳೇ ಮೊದಲಂತೆ. ನಾನು ಒಂದೊಂದೇ ಮಾತು ಹೇಳುತ್ತೇನೆ, ಇವಳು ನನ್ನ ತಪ್ಪುಗಳನ್ನು ತಿದ್ದಿ ಬರೆಯುತ್ತಾಳೆ.

ಹಿಮ ಇನ್ನೂ ಬಾಗಿಲ ಅರ್ಧದವರೆಗಿದೆ. ಕೈ ಒಡೆದಿದೆ, ಒಡೀಲ್ ಮುಲಾಮು ಕೊಟ್ಟಿದ್ದಾಳೆ. ಭಾನುವಾರ ಪೂಜೆಯಲ್ಲಿ ನಾನು ಅವರ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ನಿನ್ನ ಮಗನಿಗೆ ಆ ಹೆಸರು ಇಟ್ಟದ್ದು ತಪ್ಪಲ್ಲ. ಅವನು ಚೆನ್ನಾಗಿ ನಡೆಯುವಂತಾಗಲಿ.

ನೀನು ಕೇಳಿದ ವಿಷಯ. ಅದಕ್ಕೆ ಬೇಕಾದ ಪದಗಳೆಲ್ಲ ನನಗೆ ಬರುತ್ತವೆ. ಹೋದ ಬೇಸಿಗೆಯಿಂದಲೇ ಬರುತ್ತವೆ. ಹೇಳಬೇಕೆಂದು ಎರಡು ಸಲ ಹೋಗಿದ್ದೆ. ಒಂದು ಸಲ ಅವರು ಊಟಕ್ಕೆ ಕೂತಿದ್ದರು, ನನಗೂ ತಟ್ಟೆ ಇಟ್ಟರು. ಇನ್ನೊಂದು ಸಲ ಒಳಗೆ ನಗು ಕೇಳಿಸಿತು, ಬಾಗಿಲಿನಿಂದಲೇ ಹಿಂದಿರುಗಿದೆ. ನಾನು ಅಲ್ಲಿಗೆ ಬರುವುದಿಲ್ಲ. ಇಲ್ಲಿ ಕೆಲಸವಿದೆ.

ನಿನ್ನ ಮೇಲೆ ಕೋಪವಿಲ್ಲ. ಈ ಸಲ ಅದು ನಿಜ.

ವಿನಿಫ್ರೆಡ್ ಬ್ಯಾರೆಟ್

ಮದಾಮ್, ನಾನು ಸೆಸಿಲ್. ಮದಾಮ್ ಬ್ಯಾರೆಟ್ ಬಟ್ಟೆ ತರಲು ಹೊರಗೆ ಹೋಗಿದ್ದಾರೆ, ಅಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ. ಕೆಲವು ಕಡೆ ಶಾಯಿ ಹರಡಿದೆ, ಅದು ನನ್ನ ತಪ್ಪಲ್ಲ, ಅವರು ಹತ್ತಿರ ಬಗ್ಗಿ ನೋಡುತ್ತಿದ್ದರು. ನಾನೂ ಅವರ ಹಾಗೆ ಹಡಗಿನಲ್ಲಿ ಬಂದವಳಂತೆ, ನನಗೆ ನೆನಪಿಲ್ಲ. ಆಸ್ಟಿನ್ ಯಾರು ಎಂದು ಕೇಳಿದೆ. ಅವರಿಗೆ ಊರಿನಲ್ಲಿ ಮೂವರು ಮಕ್ಕಳಿದ್ದರು ಎಂದು ಹೇಳಿದರು. ಒಬ್ಬ ಆಸ್ಟಿನ್, ಒಬ್ಬಳು ಹಾನರ್. ಇನ್ನೊಬ್ಬರ ಹೆಸರು ಕೇಳಿದ್ದಕ್ಕೆ ಹಾಳೆ ಮುಗಿಯಿತು, ಮಡಚು ಎಂದರು. ಆದರೆ ಹಾಳೆಯಲ್ಲಿ ಇನ್ನೂ ಇಷ್ಟು ಜಾಗ ಇದೆ.